ಜೀಪು ಬರುವ ಮೊದಲಿನ ಮುಕ್ಕಾಲು ಗಂಟೆ: ಮಲೆನಾಡಿನ ಒಂಟಿ ಮನೆಗಳಿಗೆ ಬೇಕಾದ ಸಿದ್ಧತೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಊರೆಂದರೆ ಗುಡ್ಡದ ಮಗ್ಗುಲಿಗೆ ಒಂದು ಮನೆ, ತೋಟ ದಾಟಿದರೆ ಇನ್ನೊಂದು, ಹಳ್ಳದ ಆಚೆ ಮೂರನೆಯದು. ಪಕ್ಕದ ಮನೆಯ ನಾಯಿ ಬೊಗಳುವುದು ಕೇಳಿಸುತ್ತದೆ, ಮನೆ ಕಾಣಿಸುವುದಿಲ್ಲ. ಒಂದೊಂದು ಪೊಲೀಸ್ ಠಾಣೆಯ ಸರಹದ್ದಿಗೆ ಇಂಥ ಹತ್ತಾರು ಊರು ಸೇರಿರುತ್ತವೆ. ರಾತ್ರಿ ಪಾಳಿಯ ಜೀಪು ಆ ಹೊತ್ತಿಗೆ ಸರಹದ್ದಿನ ಇನ್ನೊಂದು ತುದಿಯಲ್ಲಿದ್ದರೆ, ಮಳೆಗಾಲದ ಕೆಸರು ರಸ್ತೆಯಲ್ಲಿ ನಿಮ್ಮ ದಣಪೆಯ (ಅಂಗಳದ ಗೇಟಿನ) ತನಕ ಬರಲು ಮುಕ್ಕಾಲು ಗಂಟೆ ಹಿಡಿಯಬಹುದು. ಆ ಹೊತ್ತನ್ನು ಕಡಿಮೆ ಮಾಡುವುದು ಹೇಗೆ, ಉಳಿದ ಹೊತ್ತಿನಲ್ಲಿ ಮನೆಯವರು, ನೆರೆಯವರು ಏನು ಮಾಡಬೇಕು, ಏನು ಮಾಡಬಾರದು ಎಂಬುದಷ್ಟೇ ಇಲ್ಲಿಯ ವಿಷಯ. ಇದರಲ್ಲಿ ಹೆಚ್ಚಿನದು ಏನೂ ಆಗುವ ಮೊದಲು, ಬಿಡುವಿದ್ದಾಗ ಮಾಡಿಡುವ ಕೆಲಸ.

ಮೊದಲು ದಾರಿ ಹೇಳಲು ಬರಬೇಕು

112ಕ್ಕೆ ಮಾಡಿದ ಕರೆ ನಿಮ್ಮ ಠಾಣೆಗೆ ಹೋಗುವುದಿಲ್ಲ. ರಾಜ್ಯ ಮಟ್ಟದ ನಿಯಂತ್ರಣ ಕೊಠಡಿಯಲ್ಲಿ ಒಬ್ಬರು ಎತ್ತಿಕೊಂಡು ವಿವರ ಬರೆದುಕೊಳ್ಳುತ್ತಾರೆ, ಅಲ್ಲಿಂದ ಹತ್ತಿರದ ವಾಹನಕ್ಕೆ ಸೂಚನೆ ಹೋಗುತ್ತದೆ. ಎತ್ತಿಕೊಂಡವರಿಗೆ ‘ಮೇಲಿನಮನೆ’ ಎಂದರೆ ಏನೂ ಗೊತ್ತಾಗದು. ಹೊಸಳ್ಳಿ, ಹೊಸೂರು ಎಂಬ ಹೆಸರಿನ ಊರು ತಾಲ್ಲೂಕಿಗೊಂದಿವೆ. ಫೋನಿನ ಸ್ಥಳಗುರುತು ಸಿಕ್ಕರೂ ಕಾಡಿನ ನಡುವೆ ಅದು ಕಿಲೋಮೀಟರುಗಟ್ಟಲೆ ತಪ್ಪಬಹುದು, ಏಕೆಂದರೆ ಅಲ್ಲಿ ಟವರುಗಳೇ ದೂರ ದೂರ. ಗಡಿಯ ಊರುಗಳಲ್ಲಿ ನಿಮ್ಮ ಫೋನು ಹಿಡಿದಿರುವುದು ಪಕ್ಕದ ಜಿಲ್ಲೆಯ ಟವರೂ ಆಗಿರಬಹುದು.

ಆದ್ದರಿಂದ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ದಾರಿಚೀಟಿ ಬರೆದು, ಫೋನು ಚಾರ್ಜಿಗೆ ಇಡುವ ಜಾಗದ ಮೇಲೆ ಅಂಟಿಸಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಪಂಚಾಯಿತಿ, ಊರು, ಮನೆಯ ಹೆಸರು, ಠಾಣೆಯ ಹೆಸರು ಇದೇ ಕ್ರಮದಲ್ಲಿ ಇರಲಿ. ಆಮೇಲೆ ಡಾಂಬರು ರಸ್ತೆಯಿಂದ ಮನೆಯ ತನಕದ ದಾರಿ: ‘ಬಸ್ ನಿಲ್ದಾಣದಿಂದ ಮುಂದೆ 800 ಮೀಟರ್, ಎಡಕ್ಕೆ ಹಾಲಿನ ಡೇರಿ, ಡೇರಿಯ ಪಕ್ಕದ ಮಣ್ಣುರಸ್ತೆಗೆ ತಿರುಗಿ, ಎರಡನೇ ಮೋರಿ ದಾಟಿದ ಮೇಲೆ ಬಲಕ್ಕೆ ನೀಲಿ ಗೇಟು.’ ದೂರವನ್ನು ಬೈಕಿನ ಮೀಟರಿನಲ್ಲಿ ಒಮ್ಮೆ ಅಳೆದು ಬರೆಯಿರಿ. ಮಲೆನಾಡಿನಲ್ಲಿ ‘ಇಲ್ಲೇ ಸ್ವಲ್ಪ ಮುಂದೆ’ ಎಂದರೆ ಎರಡು ಕಿಲೋಮೀಟರೂ ಆಗಬಹುದು. ಜೀಪು ಎಲ್ಲಿಯ ತನಕ ಬರುತ್ತದೆ, ಅಲ್ಲಿಂದ ನಡೆಯಬೇಕೇ, ಕಾಲುಸಂಕ ದಾಟಬೇಕೇ ಎಂಬುದನ್ನೂ ಸೇರಿಸಿ. ನಕ್ಷೆ ತೋರಿಸುವ ಆ್ಯಪಿನಲ್ಲಿ ಅಂಗಳದಲ್ಲಿ ನಿಂತು ಬೆರಳಿಟ್ಟರೆ ಎರಡು ಸಾಲು ಅಂಕಿ ಬರುತ್ತವೆ, ಅವನ್ನೂ ಚೀಟಿಯ ಕೆಳಗೆ ಬರೆದುಕೊಳ್ಳಿ. ಡಾಂಬರು ರಸ್ತೆ ಬಿಡುವ ಜಾಗದಲ್ಲಿ ಮನೆಹೆಸರಿನ ಫಲಕ ನೆಡಿ. ಅಕ್ಷರ ಅಂಗೈ ಅಗಲ ಇರಲಿ, ಜೀಪಿನ ದೀಪಕ್ಕೆ ಹೊಳೆಯುವ ಅಂಟುಪಟ್ಟಿ ಹಚ್ಚಿರಲಿ. ಮಳೆಗಾಲದಲ್ಲಿ ಪಾಚಿ ಕಟ್ಟಿ ಅಕ್ಷರ ಮುಚ್ಚಿಹೋಗುತ್ತವೆ, ಗೌರಿಹಬ್ಬದ ಹೊತ್ತಿಗೆ ಒಮ್ಮೆ ತಿಕ್ಕಿ ತೊಳೆಯಿರಿ.

ಕರೆ ಮಾಡಿದಾಗ ಮೊದಲ ವಾಕ್ಯದಲ್ಲೇ ಏನಾಗುತ್ತಿದೆ ಎಂಬುದನ್ನು ಹೇಳಬೇಕು, ಹಿನ್ನೆಲೆಯ ಕತೆ ಬೇಡ. ‘ಮನೆಯ ಹಿಂದೆ ಇಬ್ಬರು ಗೋದಾಮಿನ ಬಾಗಿಲು ಮೀಟುತ್ತಿದ್ದಾರೆ, ಮನೆಯಲ್ಲಿ ಇಬ್ಬರು ವಯಸ್ಸಾದವರು ಮಾತ್ರ ಇದ್ದೇವೆ, ಒಂದು ಪಿಕಪ್ ಗಾಡಿ ರಸ್ತೆಯಲ್ಲಿ ನಿಂತಿದೆ’ ಎಂದು ಹೇಳಿ, ದಾರಿಚೀಟಿ ಓದಿ. ಅವರು ಇಡಿ ಎನ್ನುವ ತನಕ ಫೋನು ಇಡಬೇಡಿ. ಇಟ್ಟ ಮೇಲೆ ಆ ನಂಬರನ್ನು ಮಗನಿಗೋ ಭಾವನಿಗೋ ಕರೆ ಮಾಡಲು ಬಳಸಬೇಡಿ, ದಾರಿ ಕೇಳಲು ಜೀಪಿನಿಂದ ವಾಪಸ್ ಕರೆ ಬರುವುದು ಅದೇ ನಂಬರಿಗೆ. ನೆರೆಯವರಿಗೆ ತಿಳಿಸಲು ಮನೆಯ ಇನ್ನೊಂದು ಫೋನು ಇರಲಿ.

ಸಿಗ್ನಲ್ ವಿಷಯ ಹೇಳದಿದ್ದರೆ ಮೇಲಿನದೆಲ್ಲ ಕಾಗದದ ಮೇಲಿನ ಮಾತಾಗುತ್ತದೆ. ಫೋನಿನ ಪರದೆ ‘ತುರ್ತು ಕರೆ ಮಾತ್ರ’ ಎಂದು ತೋರಿಸುತ್ತಿದ್ದರೂ 112 ಒತ್ತಿ ನೋಡಿ. ನಿಮ್ಮ ಕಂಪನಿಯ ಟವರ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರಿನ ಮೂಲಕ ಆ ಕರೆ ಹೋಗಬಲ್ಲದು. ಆಷಾಢದಲ್ಲಿ ಮೂರು ದಿನ ಕರೆಂಟಿಲ್ಲದಾಗ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಗ ಫೈಬರ್ ಇಂಟರ್ನೆಟ್ ಇರುವ ಮನೆಯೊಂದು ಊರಿಗೆ ಆಸರೆ: ರೂಟರಿಗೆ ಸಣ್ಣ 12 ವೋಲ್ಟಿನ ಬ್ಯಾಟರಿ ಪೆಟ್ಟಿಗೆ ಹಾಕಿಸಿ, ಫೋನಿನಲ್ಲಿ ವೈಫೈ ಕರೆ ಚಾಲೂ ಮಾಡಿಟ್ಟರೆ ಟವರ್ ಸತ್ತಾಗಲೂ ಠಾಣೆಯ ನಂಬರಿಗೆ, ನಿಮ್ಮ ಊರಿನ ಹೊಣೆ ಹೊತ್ತ ಬೀಟ್ ಪೊಲೀಸರಿಗೆ ಮಾತಾಡಬಹುದು. ವೈಫೈ ಮೂಲಕ 112 ಎಲ್ಲ ಫೋನುಗಳಲ್ಲೂ ಹೋಗುತ್ತದೆಂದು ನೆಚ್ಚಬಾರದು, ಅದಕ್ಕೇ ಠಾಣೆಯ ನೇರ ನಂಬರು ಚೀಟಿಯಲ್ಲಿ ಬೇಕು. ಎಲ್ಲ ಕೈಕೊಟ್ಟಾಗ ಉಳಿಯುವುದು ಜಾಗಟೆ. ನಾಲ್ಕೈದು ಮನೆಯವರು ಕೂತು, ಬಿಡದೆ ಜಾಗಟೆ ಹೊಡೆದರೆ ಅಪಾಯ ಎಂದು ಮಾತು ಮಾಡಿಕೊಳ್ಳಿ. ದೇವರ ಮನೆಯಲ್ಲಿ ಹೇಗೂ ಇರುತ್ತದೆ, ಮೈಲು ದೂರ ಕೇಳುತ್ತದೆ, ಚಾರ್ಜು ಬೇಡ.

ನಿಮ್ಮ ಬೀಟ್ ಯಾರದು

ಪ್ರತಿ ಠಾಣೆಯ ಸರಹದ್ದನ್ನು ಬೀಟ್‌ಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಕಾನ್‌ಸ್ಟೆಬಲ್ ಅಥವಾ ಹೆಡ್ ಕಾನ್‌ಸ್ಟೆಬಲ್ ಅವರನ್ನು ಹೊಣೆ ಮಾಡಿರುತ್ತಾರೆ. 2017ರಲ್ಲಿ ರಾಜ್ಯದಲ್ಲಿ ಬೀಟ್ ಪದ್ಧತಿಯನ್ನು ಸುಧಾರಿಸಿದಾಗ ಪ್ರತಿ ಬೀಟ್‌ಗೂ ಊರಿನ ನಾಗರಿಕರನ್ನು ಸದಸ್ಯರಾಗಿ ಸೇರಿಸುವ ಏರ್ಪಾಡೂ ಬಂತು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಹೆಸರಿನಲ್ಲಿ ಬೀಟ್ ಸಿಬ್ಬಂದಿ ಮನೆ ಭೇಟಿ ಮಾಡುವ ಕ್ರಮ ಶುರುವಾಯಿತು. ಕಾಗದದ ಮೇಲೆ ಏರ್ಪಾಡು ಚೆನ್ನಾಗಿದೆ. ಅದು ನಡೆಯುವುದು ಊರಿನವರು ಕೇಳಿದಾಗ.

ಠಾಣೆಗೆ ಹೋಗಿ ‘ನಮ್ಮ ಊರು ಯಾವ ಬೀಟಿಗೆ ಬರುತ್ತದೆ, ಯಾರು ನೋಡಿಕೊಳ್ಳುತ್ತಾರೆ, ಅವರ ಮೇಲೆ ಯಾವ ಎಎಸ್‌ಐ ಇದ್ದಾರೆ’ ಎಂದು ಕೇಳಿ ನಂಬರು ಬರೆದುಕೊಳ್ಳಿ. ನಿಮ್ಮ ಊರಿನ ಸದಸ್ಯರ ಪಟ್ಟಿಯನ್ನೂ ಕೇಳಿ. ಎಷ್ಟೋ ಕಡೆ ಆ ಪಟ್ಟಿಯಲ್ಲಿರುವವರು ದೊಡ್ಡ ತೋಟದ ಯಜಮಾನರು, ಪಂಚಾಯಿತಿ ಸದಸ್ಯರು ಮಾತ್ರ. ಸುದ್ದಿ ಮೊದಲು ತಲುಪುವುದು ಅವರಿಗಲ್ಲ. ಬೆಳಗಿನ ಐದೂವರೆಗೆ ಹಾಲಿನ ಡೇರಿಯಲ್ಲಿ ಕೂರುವ ಕಾರ್ಯದರ್ಶಿ, ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆ, ಮೆಸ್ಕಾಂ ಲೈನ್‌ಮ್ಯಾನ್, ಊರಿನಲ್ಲೇ ರಾತ್ರಿ ತಂಗುವ ಬಸ್ಸಿನ ಕಂಡಕ್ಟರ್, ಅಡಿಕೆ ಕೊಯ್ಯಲು ತೋಟದಿಂದ ತೋಟಕ್ಕೆ ಹೋಗುವ ಕೊನೆಗಾರ, ಕೂಲಿಕಾರರ ಕೇರಿಯಿಂದ ಒಬ್ಬ ಹೆಂಗಸು ಸೇರಿದರೆ ಪಟ್ಟಿಗೆ ಜೀವ ಬರುತ್ತದೆ. ಹೆಸರು ಸೂಚಿಸಿ ಠಾಣಾಧಿಕಾರಿಗೆ ಒಂದು ಅರ್ಜಿ ಕೊಟ್ಟರೆ ಸಾಕು.

ಸಭೆಯನ್ನು ಡೇರಿಯ ಜಗುಲಿಯಲ್ಲಿ ಇಡಿ, ಅರ್ಧ ಗಂಟೆ ಮೀರಿಸಬೇಡಿ. ಗಡಿ ತಗಾದೆ, ದಾರಿ ಜಗಳ, ಹಳೇ ಮುನಿಸು ಅಲ್ಲಿಗೆ ತಂದರೆ ಎರಡನೇ ಸಭೆಗೆ ಯಾರೂ ಬರುವುದಿಲ್ಲ. ಹೇಳಬೇಕಾದ್ದು ಇಷ್ಟು: ಯಾವ ಮನೆಗೆ ಬೀಗ ಬಿದ್ದಿದೆ, ಎಂದಿನಿಂದ ಎಂದಿನವರೆಗೆ, ಯಾವ ಮನೆಯಲ್ಲಿ ವಯಸ್ಸಾದವರು ಇಬ್ಬರೇ ಇದ್ದಾರೆ, ಯಾವ ಬೀದಿದೀಪ ಸತ್ತಿದೆ, ಯಾವ ತಿರುವಿನಲ್ಲಿ ರಾತ್ರಿ ಗಾಡಿ ನಿಲ್ಲುತ್ತಿದೆ, ನಂಬರು ಏನು, ಎಲ್ಲಿ ಕಳ್ಳಭಟ್ಟಿ, ಗಾಂಜಾ ಕೈ ಬದಲಾಗುತ್ತಿದೆ. ಕೊನೆಯದನ್ನು ಸಭೆಯಲ್ಲಿ ಹೇಳದೆ ಬೀಟ್ ಪೊಲೀಸರಿಗೆ ಬೇರೆಯಾಗಿ ಹೇಳುವುದು ಒಳ್ಳೆಯದು.

ಕೆಲಸಕ್ಕೆ ಬರುವ ಹೊರಗಿನವರ ವಿಷಯದಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಕೊಯ್ಲಿನ ಕಾಲಕ್ಕೆ ಉತ್ತರ ಕರ್ನಾಟಕದಿಂದ, ಹೊರರಾಜ್ಯಗಳಿಂದ ಬರುವವರು ಇಲ್ಲದಿದ್ದರೆ ಅಡಿಕೆ ಮರದಲ್ಲೇ ಉಳಿಯುತ್ತದೆ. ಅವರ ಗುರುತಿನ ಚೀಟಿಯ ಪ್ರತಿ, ಒಂದು ಫೋಟೊ, ಊರಿನಲ್ಲಿರುವ ಮನೆಯವರ ಫೋನು ನಂಬರು ಇಷ್ಟು ಬರೆದಿಟ್ಟು ಒಂದು ಪ್ರತಿ ಠಾಣೆಗೆ ಕೊಡಿ. ಮೂಲ ಆಧಾರ್ ಕಾರ್ಡ್ ಕಿತ್ತಿಟ್ಟುಕೊಳ್ಳುವುದು ತಪ್ಪು. ಕಳವಾದಾಗ ಮೊದಲು ಅವರ ಬಿಡಾರಕ್ಕೆ ನುಗ್ಗುವುದು ಅದಕ್ಕಿಂತ ದೊಡ್ಡ ತಪ್ಪು. ಯಾವ ತೋಟದಲ್ಲಿ ಯಾವ ದಿನ ಯಾರು ಇರುವುದಿಲ್ಲ ಎಂಬುದು ನಿನ್ನೆ ಬಂದವನಿಗಿಂತ ಊರನ್ನು ಬಲ್ಲವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಅಡಿಕೆ ಕಾಲದ ಕಾವಲು

ಬೇಯಿಸಿ ಒಣಗಿಸಿದ ‘ರಾಶಿ’ ಅಡಿಕೆಯ ದರ ಕ್ವಿಂಟಾಲಿಗೆ 50,000 ರೂಪಾಯಿ ದಾಟಿದ ವರ್ಷಗಳಲ್ಲಿ, 65–70 ಕಿಲೋ ತುಂಬಿದ ಒಂದು ಚೀಲವೆಂದರೆ ಮೂವತ್ತು ಸಾವಿರಕ್ಕೂ ಮೇಲೆ. ಅದನ್ನು ಒಬ್ಬ ಬೆನ್ನ ಮೇಲೆ ಹೊತ್ತು ಹೋಗಬಹುದು. ಬಂಗಾರಕ್ಕೆ ಬ್ಯಾಂಕಿನ ಲಾಕರ್ ಇದೆ, ಅಡಿಕೆಗೆ ಇರುವುದು ಹೆಂಚಿನ ಗೋದಾಮು.

ಕಳವು ಮೂರು ಹಂತದಲ್ಲಿ ಆಗುತ್ತದೆ. ಮರದಲ್ಲಿರುವ ಕೊನೆಯನ್ನೇ (ಅಡಿಕೆ ಗೊಂಚಲನ್ನೇ) ರಾತ್ರಿ ದೋಟಿ ಹಾಕಿ ಇಳಿಸುವುದು ಒಂದು. ದಿನಾ ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು ಹಾಕುವ ಮನೆಯಲ್ಲಿ ಇದು ಎರಡನೇ ಸಲ ಆಗುವುದು ಕಡಿಮೆ. ಹೊಸದಾಗಿ ಕೊಯ್ದ ತೊಟ್ಟು ಬೆಳ್ಳಗೆ ಕಾಣುತ್ತದೆ, ಬುಡದಲ್ಲಿ ಉದುರಿದ ಕಾಯಿ ಬಿದ್ದಿರುತ್ತವೆ. ಹಸಿ ಅಡಿಕೆಯನ್ನು ಕಳ್ಳ ಮನೆಯಲ್ಲಿ ಇಟ್ಟುಕೊಳ್ಳಲಾರ, ಒಂದೆರಡು ದಿನದಲ್ಲಿ ಮಾರಲೇಬೇಕು. ಹಾಗಾಗಿ ಕಾವಲು ಬೇಕಾದ್ದು ತೋಟಕ್ಕಿಂತ ಹೆಚ್ಚಾಗಿ ಖರೀದಿಯ ಜಾಗಕ್ಕೆ. ಸುತ್ತಲಿನ ಹಸಿ ಅಡಿಕೆ ಕೊಳ್ಳುವವರು, ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಚೇಣಿದಾರರು, ಸುಲಿಯುವ ಯಂತ್ರ ಇಟ್ಟವರು ಮಾರಲು ಬಂದವರ ಹೆಸರು, ಫೋನು, ಗಾಡಿ ನಂಬರು ಬರೆದುಕೊಳ್ಳಬೇಕು, ಕತ್ತಲಾದ ಮೇಲೆ ಕೊಳ್ಳಬಾರದು ಎಂದು ಬೀಟ್ ಪೊಲೀಸರ ಎದುರಿಗೇ ಮಾತು ಮಾಡಿಸಿ. ಕದ್ದ ಮಾಲೆಂದು ತಿಳಿದೂ ಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂನಡಿ ಮೂರು ವರ್ಷದವರೆಗೆ ಶಿಕ್ಷೆ ಇದೆ ಎಂಬುದನ್ನು ಆ ಸಭೆಯಲ್ಲಿ ಪೊಲೀಸರ ಬಾಯಿಂದಲೇ ಹೇಳಿಸಿದರೆ ಪರಿಣಾಮ ಬೇರೆ.

ಎರಡನೆಯದು ಒಣಗುವ ಹಂತ. ಬೇಯಿಸಿದ ಅಡಿಕೆಗೆ ಸುಮಾರು ವಾರದ ಬಿಸಿಲು ಸಾಕು. ಸಾಗರದ ಕಡೆ ಬೇಯಿಸದೆ ಸಿಪ್ಪೆ ಸಮೇತ ಒಣಗಿಸಿ ಮಾಡುವ ಚಾಲಿಗೆ 40–45 ದಿನ ಬೇಕು, ಅಷ್ಟು ದಿನವೂ ಅಡಿಕೆ ಅಂಗಳದಲ್ಲಿ ಹರಡಿರುತ್ತದೆ. ಅಂಗಳದ ಮೂಲೆಗೆ ಚಲನೆ ಕಂಡರೆ ಹೊತ್ತಿಕೊಳ್ಳುವ ಸೋಲಾರ್ ದೀಪ ಹಾಕಿದವರು ಬಹಳ ಜನ. ಎಂಟು ಹತ್ತು ಅಡಿ ಎತ್ತರದಲ್ಲಿ, ಮುಖ ನೆಲದ ಕಡೆ ಬಗ್ಗಿಸಿ ಕಟ್ಟಬೇಕು. ತೋಟದ ಕಡೆ ಮುಖ ಮಾಡಿದರೆ ಅಲ್ಲಾಡುವ ಸೋಗೆಗೂ ಬಾವಲಿಗೂ ಹೊತ್ತಿ ಹೊತ್ತಿ, ನಾಲ್ಕನೇ ದಿನಕ್ಕೆ ಮನೆಯವರು ಏಳುವುದನ್ನೇ ಬಿಡುತ್ತಾರೆ. ಮೆಸ್ಕಾಂ ಲೈನಿನಿಂದ ಅಂಗಳದ ಸುತ್ತ ತಂತಿಗೆ ಕರೆಂಟು ಬಿಡುವುದು ಮಾತ್ರ ಬೇಡವೇ ಬೇಡ. ಅದರಲ್ಲಿ ಸಾಯುವುದು ಹೆಚ್ಚಾಗಿ ಮನೆಯ ದನ, ಪಕ್ಕದ ಮನೆಯ ಮಗು. ಜೈಲಿಗೆ ಹೋಗುವುದು ಯಜಮಾನ.

ಮೂರನೆಯದು ಗೋದಾಮು. ಇಲ್ಲಿ ಬೀಗ ಮುರಿದವರು ಕಡಿಮೆ. ಬೀಗ ಎಷ್ಟೇ ದೊಡ್ಡದಿರಲಿ, ಚಿಲಕದ ಪಟ್ಟಿಯನ್ನು ಹಲಗೆಗೆ ಹಿಡಿಸಿರುವುದು ನಾಲ್ಕು ಮರದ ಸ್ಕ್ರೂ. ಒಂದು ಹಾರೆಕೋಲಿಗೆ ಪಟ್ಟಿ ಸಮೇತ ಕಿತ್ತು ಬರುತ್ತದೆ. ಸ್ಕ್ರೂ ತೆಗೆಸಿ, ಬಾಗಿಲಿನ ಆರ್‌ಪಾರ್ ಹೋಗುವ ಗುಂಡುತಲೆಯ ಬೋಲ್ಟ್ ಹಾಕಿಸಿ, ಒಳಗಡೆ ವಾಷರ್ ಇಟ್ಟು ನಟ್ ಬಿಗಿಸಿ, ಆಗುವುದಾದರೆ ನಟ್‌ಗೆ ವೆಲ್ಡಿಂಗ್ ಚುಕ್ಕಿ ಇಡಿಸಿ. ಕೀಲುಗಳಿಗೂ ಹಾಗೆಯೇ. ಬಾಗಿಲು ಗಟ್ಟಿಯಾದರೆ ಕಳ್ಳ ಹೆಂಚು ಸರಿಸಿ ಇಳಿಯುತ್ತಾನೆ. ಮುಚ್ಚಿಗೆ ಇಲ್ಲದ ಗೋದಾಮಾದರೆ ಪಕಾಸಿಯ ಕೆಳಗೆ ವೆಲ್ಡ್‌ಮೆಶ್ ಹೊಡೆಸಿ.

ಇಷ್ಟರ ಮೇಲೂ ಕಳವಾದರೆ ‘ಇದು ನಮ್ಮ ಅಡಿಕೆ’ ಎಂದು ತೋರಿಸುವುದು ಹೇಗೆ? ಪ್ರಕರಣ ಸೋಲುವುದು ಹೆಚ್ಚಾಗಿ ಇಲ್ಲೇ. ಪೊಲೀಸರು ಕಷ್ಟಪಟ್ಟು ಹತ್ತು ಚೀಲ ಹಿಡಿದು ತರುತ್ತಾರೆ. ಕೇಳಲು ಆರು ಜನ ಬರುತ್ತಾರೆ. ಒಬ್ಬರ ಬಳಿಯೂ ಗುರುತಿಲ್ಲ. ಇದಕ್ಕೆ ಖರ್ಚಿಲ್ಲದ ಉಪಾಯವಿದೆ. ಚೀಲ ತುಂಬುವಾಗ ಅರ್ಧಕ್ಕೆ ನಿಲ್ಲಿಸಿ, ಸಣ್ಣ ಪ್ಲಾಸ್ಟಿಕ್ ಲಕೋಟೆಯಲ್ಲಿ ಹೆಸರಿನ ಮೊದಲಕ್ಷರ, ವರ್ಷ, ಚೀಲದ ಸಂಖ್ಯೆ, ತೂಕ ಬರೆದ ಚೀಟಿ ಹಾಕಿ, ಮೇಲೆ ಉಳಿದ ಅಡಿಕೆ ತುಂಬಿ ಹೊಲಿಯಿರಿ. ಚೀಲದ ಒಳಹೊಲಿಗೆಗೆ ಒಂದು ಬಣ್ಣದ ಗೆರೆ ಎಳೆಯಿರಿ. ಕಳ್ಳ ಚೀಲ ಬದಲಿಸಿದರೆ ಇವೆರಡೂ ಹೋಗುತ್ತವೆ, ಹಾಗಾಗಿ ಪ್ರತಿ ಬೇಯಿಕೆಯಿಂದ ಒಂದು ಕಿಲೋ ಮಾದರಿ ತೆಗೆದು ಬೇರೆ ಕೋಣೆಯಲ್ಲಿ ಇಡಿ. ಚೊಗರಿನ (ಅಡಿಕೆ ಬೇಯಿಸಿದ ಕೆಂಪು ರಸದ) ಬಣ್ಣ, ಹೋಳಿನ ಗಾತ್ರ ಮನೆಯಿಂದ ಮನೆಗೆ ಬೇರೆ. ಮಂಡಿಯಲ್ಲಿ ವರ್ಷಗಟ್ಟಲೆ ಅಡಿಕೆ ನೋಡಿದವರು ಪಕ್ಕಪಕ್ಕ ಇಟ್ಟರೆ ಗುರುತು ಹೇಳುತ್ತಾರೆ. ತೂಕದ ಪುಸ್ತಕ ಬರೆಯಿರಿ, ಜೋಡಿಸಿದ ಚೀಲಗಳ ಫೋಟೊ ತೆಗೆದು ಮಗಳಿಗೆ ಕಳಿಸಿಡಿ, ಕಳಿಸಿದ ದಿನಾಂಕ ಅದರಲ್ಲೇ ಉಳಿಯುತ್ತದೆ. ಮನೆಗೆ ಬೀಗ ಹಾಕಿ ಮದುವೆಗೆ ಹೋಗುವುದಿದ್ದರೆ, ಮಾರುವ ಯೋಚನೆ ಇಲ್ಲದಿದ್ದರೂ ಮಾಲನ್ನು ಮ್ಯಾಮ್‌ಕೋಸ್, ಆಪ್ಸ್‌ಕೋಸ್‌ನಂಥ ಸಹಕಾರಿಯ ಉಗ್ರಾಣಕ್ಕೆ ಸಾಗಿಸಿ ರಸೀದಿ ಪಡೆಯುವುದು ಕ್ಷೇಮ.

ಸಿಸಿ ಕ್ಯಾಮೆರಾ ಒಳ್ಳೆಯದು, ಆದರೆ ಅದರ ಮೇಲೆ ಇಟ್ಟಿರುವ ನಂಬಿಕೆ ಅತಿಯಾಯಿತು. ಮನೆಯ ಮುಂದೆ ನಾಲ್ಕು ಹಾಕುವ ಬದಲು ಐದು ಮನೆಯವರು ಸೇರಿ ಡಾಂಬರು ರಸ್ತೆಯ ಕೂಡುವಿಕೆಗೆ ಒಂದು ಒಳ್ಳೆಯದನ್ನು ಹಾಕಿಸಿದರೆ ಬಂದ ಗಾಡಿಯ ನಂಬರು ಸಿಗುತ್ತದೆ. ಮುಸುಕು ಹಾಕಿದ ಮುಖಕ್ಕಿಂತ ನಂಬರು ಉಪಯೋಗಕ್ಕೆ ಬರುತ್ತದೆ. ಹೆಡ್‌ಲೈಟ್ ನೇರ ಕಣ್ಣಿಗೆ ಬೀಳದ ಹಾಗೆ ಓರೆಯಾಗಿ ಕೂರಿಸಬೇಕು. ರೆಕಾರ್ಡ್ ಪೆಟ್ಟಿಗೆ ಟಿವಿಯ ಪಕ್ಕ ಇಟ್ಟರೆ ಕಳ್ಳ ಅದನ್ನೂ ಒಯ್ಯುತ್ತಾನೆ, ಅಟ್ಟದ ಮೇಲೆ ಇಡಿ. ಕರೆಂಟು ಹೋಗಿ ಬಂದಾಗ ಅದರ ಗಡಿಯಾರ ಎಷ್ಟೋ ಸಲ ಹಿಂದೆ ಹೋಗಿರುತ್ತದೆ. ತಿಂಗಳಿಗೊಮ್ಮೆ ದಿನಾಂಕ, ಗಂಟೆ ಸರಿ ಮಾಡಿ, ಇಲ್ಲವಾದರೆ ನ್ಯಾಯಾಲಯದಲ್ಲಿ ಮೊದಲ ಪ್ರಶ್ನೆ ಅದೇ. ಏಪ್ರಿಲ್, ಮೇ ಗುಡುಗಿಗೆ ಪ್ಲಗ್ ಕೀಳಲು ಮರೆತವರು ಪೆಟ್ಟಿಗೆ ಕಳೆದುಕೊಂಡಿದ್ದಾರೆ. ದೃಶ್ಯ ಸಿಕ್ಕಿದರೆ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ಕಳ್ಳನ ಕಡೆಯವರೂ ಅದೇ ಗುಂಪಿನಲ್ಲಿರಬಹುದು. ಮೂಲ ಪೆಟ್ಟಿಗೆ ಹಾಗೇ ಇರಲಿ, ಪ್ರತಿಯನ್ನು ಪೊಲೀಸರೇ ತೆಗೆದುಕೊಳ್ಳಲಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದರ ಜೊತೆ ಪ್ರಮಾಣಪತ್ರ ಬೇಕಾಗುತ್ತದೆ, ಯಂತ್ರದ ಹೊಣೆ ಹೊತ್ತವರಾಗಿ ಅದಕ್ಕೆ ಸಹಿ ಹಾಕಬೇಕಾದವರು ನೀವೇ.

ಬೆಳಿಗ್ಗೆ ಬಾಗಿಲು ತೆರೆದುಕೊಂಡಿದ್ದರೆ

ಒಳಗೆ ಹೋಗಬೇಡಿ. ಏನೇನು ಹೋಗಿದೆ ಎಂದು ನೋಡುವ ಆತುರ ಎಲ್ಲರಿಗೂ ಇರುತ್ತದೆ, ಆ ಆತುರದಲ್ಲೇ ಬೆರಳಚ್ಚು ಅಳಿದುಹೋಗುತ್ತದೆ. ಸುದ್ದಿ ಕೇಳಿ ನಲವತ್ತು ಜನ ಅಂಗಳದಲ್ಲಿ ಓಡಾಡಿದ ಮೇಲೆ ಶ್ವಾನದಳದ ನಾಯಿಗೆ ಸಿಗುವುದು ಆ ನಲವತ್ತು ಜನರ ವಾಸನೆ. ದಣಪೆಯ ಹೊರಗೇ ಒಬ್ಬರು ನಿಂತು ಬಂದವರನ್ನು ತಡೆಯಲಿ. ಮೆತ್ತನೆ ಮಣ್ಣಿನಲ್ಲಿ ಹೆಜ್ಜೆ, ಟೈರಿನ ಅಚ್ಚು ಕಂಡರೆ, ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನೋ ಬೆಂಕಿಪೊಟ್ಟಣವನ್ನೋ ಇಟ್ಟು ಫೋಟೊ ತೆಗೆಯಿರಿ, ಆಮೇಲೆ ಬೋರಲು ಹಾಕಿದ ಬುಟ್ಟಿಯಿಂದಲೋ ಅಗಲದ ಅಡಿಕೆ ಹಾಳೆಯಿಂದಲೋ ಮುಚ್ಚಿ ಕಲ್ಲು ಇಡಿ. ಮಲೆನಾಡಿನ ಮಳೆ ಹತ್ತು ನಿಮಿಷದಲ್ಲಿ ಎಲ್ಲ ತೊಳೆದುಬಿಡುತ್ತದೆ. ಬೀಡಿಯ ತುಂಡು, ಗುಟ್ಕಾ ಚೀಟಿ, ಹಗ್ಗದ ಚೂರು ಯಾವುದನ್ನೂ ಹೆಕ್ಕಿ ಕೊಡುವ ಉಪಕಾರ ಬೇಡ.

ದೂರನ್ನು ಕನ್ನಡದಲ್ಲಿ, ನಿಮ್ಮ ಮಾತಿನಲ್ಲೇ ಬರೆಯಿರಿ, ಎರಡು ಪ್ರತಿ ಮಾಡಿ. ಕೊನೆಯ ಸಲ ಮಾಲು ನೋಡಿದ್ದು ಯಾವಾಗ, ಕಳವು ಗೊತ್ತಾದದ್ದು ಯಾವಾಗ, ಯಾರಿಗೆ. ಏನು ಎಷ್ಟು ಹೋಗಿದೆ, ಅಂದಾಜು ಬೆಲೆ, ಗುರುತು ಏನು. ಬಾಗಿಲು ಹೇಗೆ ಮುರಿದಿದೆ. ತಡವಾಗಿ ದೂರು ಕೊಡುತ್ತಿದ್ದರೆ ಕಾರಣವನ್ನೂ ಬರೆಯಿರಿ. ಅನುಮಾನ ಇದ್ದರೆ ಏಕೆ ಎಂಬುದು ಒಂದು ವಾಕ್ಯದಲ್ಲಿ ಹೇಳಲು ಬಂದರೆ ಮಾತ್ರ ಹೆಸರು ಹಾಕಿ. ಹಳೇ ದ್ವೇಷಕ್ಕೆ ಹಾಕಿದ ಹೆಸರು ತನಿಖೆಯ ಮೊದಲ ವಾರವನ್ನು ತಿಂದುಹಾಕುತ್ತದೆ, ಅಷ್ಟರಲ್ಲಿ ಅಡಿಕೆ ಮಾರಿ ಆಗಿರುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇಲ್ಲಿ ನಿಮ್ಮ ಕೈಗೆ ಕೆಲವು ಹಕ್ಕು ಕೊಡುತ್ತದೆ. ಘಟನೆ ಯಾವ ಸರಹದ್ದಿನಲ್ಲೇ ನಡೆದಿರಲಿ, ಹೋದ ಠಾಣೆಯವರು ದೂರು ಬರೆದುಕೊಳ್ಳಬೇಕು, ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇದಕ್ಕೆ ಜನ ಝೀರೋ ಎಫ್‌ಐಆರ್ ಎನ್ನುತ್ತಾರೆ. ಆಗುಂಬೆ ಘಾಟಿಯ ಮೇಲ್ತುದಿ ತೀರ್ಥಹಳ್ಳಿ ತಾಲ್ಲೂಕು, ಬುಡದ ಸೋಮೇಶ್ವರ ಉಡುಪಿ ಜಿಲ್ಲೆ. ಹದಿನಾಲ್ಕು ತಿರುವಿನಲ್ಲಿ ಯಾವ ತಿರುವಿನಲ್ಲಿ ಏನಾಯಿತೆಂದು ಲೆಕ್ಕ ಹಾಕಿ ಅಲೆಯುವ ಅಗತ್ಯ ಇಲ್ಲ. ಇಂಟರ್ನೆಟ್ಟಿನ ಮೂಲಕ ದೂರು ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ನಿಮಗೆ ಪುಕ್ಕಟೆ ಸಿಗಬೇಕು. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ, ಹಾಗಾಗಿ ‘ವಿಚಾರಣೆ ಮಾಡುತ್ತಿದ್ದೇವೆ’ ಎಂದರೆ ಅದು ನಿರಾಕರಣೆ ಅಲ್ಲ. ಅನುಮತಿ ಸಿಕ್ಕಿದೆಯೇ, ಯಾವ ದಿನದಿಂದ ಎಂದು ಕೇಳಿ. ದೂರು ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ತಿಳಿಸಬೇಕಾದ್ದು ತನಿಖಾಧಿಕಾರಿಯ ಕರ್ತವ್ಯ. ಹೆಂಗಸರು, 60 ದಾಟಿದವರು, 15 ತುಂಬದ ಹುಡುಗರು, ಅಂಗವಿಕಲರನ್ನು ಸಾಕ್ಷಿ ಹೇಳಲು ಠಾಣೆಗೆ ಬನ್ನಿ ಎಂದು ಕರೆಸುವಂತಿಲ್ಲ, ಅವರಿರುವಲ್ಲಿಗೇ ಬರಬೇಕು.

ಮಾಲು ಸಿಕ್ಕಿದ ಮೇಲೂ ಕೆಲಸ ಮುಗಿಯುವುದಿಲ್ಲ. ಜಪ್ತಿಯಾದ ಅಡಿಕೆ ನ್ಯಾಯಾಲಯದ ಆಜ್ಞೆಯಿಲ್ಲದೆ ಮನೆಗೆ ಬರದು. ಮಳೆಗಾಲದಲ್ಲಿ ಠಾಣೆಯ ಮೂಲೆಯಲ್ಲಿ ಕೂತ ಚೀಲಕ್ಕೆ ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ, ದರ ಅರ್ಧ. ಮಧ್ಯಂತರವಾಗಿ ಬಿಡಿಸಿಕೊಡಿ ಎಂದು ಅದೇ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂನಡಿ ತಡಮಾಡದೆ ವಕೀಲರ ಮೂಲಕ ಅರ್ಜಿ ಹಾಕಿಸಿ. ಮಾಲಿನ ಫೋಟೊ, ವಿಡಿಯೊ ದಾಖಲೆ ಮಾಡಿ, ಬಾಂಡ್ ಬರೆಸಿಕೊಂಡು ಕೊಡುತ್ತಾರೆ. ತೂಕದ ಪುಸ್ತಕ, ಚೀಟಿ, ಮಾದರಿ ಕೆಲಸಕ್ಕೆ ಬರುವುದು ಅಂದು.

ಕಳ್ಳ ಕೈಗೇ ಸಿಕ್ಕರೆ

ನಿಮ್ಮ ಕಣ್ಣೆದುರು ಜಾಮೀನಿಲ್ಲದ, ಪೊಲೀಸರು ನೇರ ಬಂಧಿಸಬಹುದಾದ ಅಪರಾಧ ಮಾಡಿದವನನ್ನು ಹಿಡಿಯುವ ಅಧಿಕಾರ ಸಾಮಾನ್ಯರಿಗೂ ಇದೆ. ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ಅನಗತ್ಯ ತಡ ಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹಿಡಿದ ಗಂಟೆ ಬರೆದಿಡಿ, ಕೂಡಲೇ 112ಕ್ಕೆ ತಿಳಿಸಿ, ಕುಡಿಯಲು ನೀರು ಕೊಡಿ, ಒಂದು ಕೋಣೆಯಲ್ಲಿ ಕೂರಿಸಿ. ಕಂಬಕ್ಕೆ ಕಟ್ಟಿ ಹೊಡೆಯುವುದು, ವಿಡಿಯೊ ಮಾಡಿ ಹರಿಬಿಡುವುದು, ದಂಡ ಕಟ್ಟಿಸಿ ಕಳಿಸುವುದು ಎಲ್ಲ ಅಪರಾಧವೇ. ಕಳ್ಳತನದ ಪ್ರಕರಣ ಹಿಂದೆ ಬಿದ್ದು ಹಲ್ಲೆಯ ಪ್ರಕರಣ ಮುಂದೆ ಬರುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೊಡೆದು, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬ ಸತ್ತ. ಊರಿನ ಗುಂಪಿನಲ್ಲಿ ‘ಅಪರಿಚಿತ ಗಾಡಿ ಬಂದಿದೆ, ಹುಷಾರು’ ಎಂದು ಯಾರಾದರೂ ಹಾಕಿದರೆ, ಬೀಟ್ ಪೊಲೀಸರು ನೋಡಿ ಹೇಳುವ ತನಕ ಮುಂದೆ ಕಳಿಸಬಾರದು ಎಂಬ ಒಂದು ನಿಯಮ ಇಟ್ಟುಕೊಳ್ಳಿ.

ಕೋವಿ

ಬೆಳೆ ಕಾಯಲು ಪರವಾನಗಿ ಕೋವಿ ಇಟ್ಟವರು ಮಲೆನಾಡಿನಲ್ಲಿ ಬಹಳ. 2019ರ ತಿದ್ದುಪಡಿಯ ಮೇಲೆ ಪರವಾನಗಿಯ ಅವಧಿ ಐದು ವರ್ಷ, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೋವಿ ಇಲ್ಲ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಮೊದಲೇ ಕೊಡಬೇಕು. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಲು ಆದೇಶ ಬಂದರೆ, ಕೊಡುವ ಮುಂಚೆ ನಳಿಗೆಗೆ ಎಣ್ಣೆ ಸವರಿ, ಫೋಟೊ ತೆಗೆದು, ನಂಬರು ನಮೂದಾದ ರಸೀದಿ ಪಡೆಯಿರಿ. ಮಂಗ, ಹಂದಿಯ ಕಾಟ ಇದ್ದು ಕೋವಿ ಬೇಕೇಬೇಕೆಂದರೆ ವಿನಾಯಿತಿಗೆ ಲಿಖಿತ ಅರ್ಜಿ ಕೊಡಬಹುದು. ನಿಮ್ಮ ಕೋವಿಯನ್ನು ನೆಂಟನ ಕೈಗೆ ಕೊಟ್ಟು ಕಾಡಿಗೆ ಕಳಿಸಿದರೆ ಹೋಗುವುದು ಪರವಾನಗಿ ಮಾತ್ರವಲ್ಲ.

ಫೋನಿನಲ್ಲಿ ಬರುವ ಕಳ್ಳ

ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ತೋಟದ ಮನೆಯಲ್ಲಿ, ಅಡಿಕೆ ಮಾರಿದ ದುಡ್ಡು ಬ್ಯಾಂಕಿನಲ್ಲಿ. ‘ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ, ವಿಡಿಯೊ ಕರೆ ಬಿಟ್ಟು ಏಳಬಾರದು, ಡಿಜಿಟಲ್ ಅರೆಸ್ಟ್ ಆಗಿದ್ದೀರಿ’ ಎಂಬ ಕರೆ ಬರುವುದು ಇಂಥ ಮನೆಗೇ. ಫೋನಿನಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿ ಇಲ್ಲ. ಕರೆ ಕತ್ತರಿಸಿ ಬೀಟ್ ಪೊಲೀಸರಿಗೆ ಫೋನು ಮಾಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ ಅಳುತ್ತಾ ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹೋದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಮೊದಲ ಒಂದು ಗಂಟೆಯಲ್ಲಿ ಹೇಳಿದರೆ ನಡುವೆ ಎಲ್ಲಾದರೂ ತಡೆಹಿಡಿಯುವ ಅವಕಾಶ ಹೆಚ್ಚು. ಬ್ಯಾಂಕಿನಿಂದ ಬಂದ ಸಂದೇಶದಲ್ಲಿ ವಹಿವಾಟಿನ ಉದ್ದದ ಸಂಖ್ಯೆ ಇರುತ್ತದೆ, ಅದನ್ನು, ಮೊತ್ತವನ್ನು, ಗಂಟೆಯನ್ನು ಓದಿ ಹೇಳಿ. ಸಂದೇಶ ಅಳಿಸಬೇಡಿ.

ಕಾಣೆಯಾದವರನ್ನು ಹುಡುಕುವುದು

‘24 ಗಂಟೆ ಕಾಯಿರಿ’ ಎಂಬ ನಿಯಮ ಎಲ್ಲೂ ಇಲ್ಲ. ಮಗು ಕಾಣೆಯಾದರೆ ಅಪಹರಣವೆಂದೇ ಭಾವಿಸಿ ಎಫ್‌ಐಆರ್ ಮಾಡಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಲೆನಾಡಿನಲ್ಲಿ ಹೆಚ್ಚು ಕಾಡುವುದು ಮರೆವಿನ ಕಾಯಿಲೆಯ ವಯಸ್ಸಾದವರು. ಸಂಜೆ ದನ ಅಟ್ಟಿಕೊಂಡು ಬರುತ್ತೇನೆಂದು ಬ್ಯಾಣದ (ಹುಲ್ಲುಗಾವಲಿನ) ಕಡೆ ನಡೆದವರು ಕತ್ತಲಾದರೂ ಬರುವುದಿಲ್ಲ. ಆಗ ಮೊದಲು ಠಾಣೆಗೆ, ಕಾಡಿನ ಅಂಚಾದರೆ ಅರಣ್ಯ ಇಲಾಖೆಯ 1926ಕ್ಕೂ ತಿಳಿಸಿ. ಇತ್ತೀಚಿನ ಫೋಟೊ, ಉಟ್ಟ ಬಟ್ಟೆ, ಕಾಲಿನ ಚಪ್ಪಲಿಯ ಅಚ್ಚು, ಸೇವಿಸುವ ಮಾತ್ರೆ, ಕೊನೆಗೆ ಕಂಡ ಜಾಗ ಮತ್ತು ಗಂಟೆ ಬರೆದುಕೊಡಿ. ಉಟ್ಟು ಬಿಟ್ಟ, ಒಗೆಯದ ಒಂದು ಬಟ್ಟೆಯನ್ನು ಯಾರೂ ಮುಟ್ಟದ ಹಾಗೆ ಚೀಲದಲ್ಲಿ ಕಟ್ಟಿಡಿ, ನಾಯಿಗೆ ಬೇಕಾಗುತ್ತದೆ.

ಜೀಪು ಬರುವ ತನಕ ಹತ್ತಿರದ ನೀರಿನ ಜಾಗ ಮೊದಲು ನೋಡಿ: ಬಾವಿ, ಕೆರೆ, ತೋಟದ ಅಗಳ, ಕಾಲುಸಂಕದ ಕೆಳಗೆ. ನಂತರ ಅವರು ಎಳವೆಯಲ್ಲಿ ಓಡಾಡಿದ ಹಳೆಯ ದಾರಿಗಳು, ಈಗ ಪಾಳುಬಿದ್ದಿದ್ದರೂ ಸರಿ. ಮರೆವು ಬಂದವರ ಕಾಲಿಗೆ ಆ ದಾರಿಗಳೇ ನೆನಪಿರುತ್ತವೆ. ಒಬ್ಬೊಬ್ಬರೇ ಹೋಗಬೇಡಿ, ಇಬ್ಬಿಬ್ಬರು ಸೇರಿ ಹೋಗಿ. ಯಾವ ಜೋಡಿ ಯಾವ ಕಡೆ ಹೊರಟಿತು, ಎಷ್ಟು ಹೊತ್ತಿಗೆ ವಾಪಸ್ ಬರಬೇಕು ಎಂಬುದನ್ನು ಮನೆಯಲ್ಲಿ ಒಬ್ಬರು ಬರೆದುಕೊಂಡಿರಲಿ. ಐದು ನಿಮಿಷಕ್ಕೊಮ್ಮೆ ಎಲ್ಲರೂ ನಿಂತು, ಒಂದು ಕೂಗು ಹಾಕಿ, ಒಂದು ನಿಮಿಷ ಉಸಿರು ಬಿಗಿಹಿಡಿದು ಕೇಳಿ. ಸುಮ್ಮನೆ ಕೂಗುತ್ತಾ ನಡೆದರೆ ಬಿದ್ದವರ ನರಳಾಟ ಯಾರ ಕಿವಿಗೂ ಬೀಳದು. ನೋಡಿ ಮುಗಿಸಿದ ದಾರಿಯ ಮೊದಲಿಗೆ ಒಂದು ಬಟ್ಟೆಚೂರು ಕಟ್ಟಿ. ಪೊಲೀಸರು ಬಂದ ಕೂಡಲೇ ಆ ಬರೆದ ಹಾಳೆಯನ್ನು ಅವರ ಕೈಗೆ ಕೊಡಿ, ಮುಂದಿನ ಹುಡುಕಾಟ ಅಲ್ಲಿಂದ ಶುರುವಾಗಲಿ.